ಚಿಪ್ಪಿನ ಗೋಡೆಯ ವಿಷಯದಲ್ಲಿ ನಾನು ಹೇಳಿದ ಸಾಕ್ಷಿ

ಆ ಸಭೆಯಲ್ಲಿ ನಾನು ಹೆಚ್ಚು ಮಾತಾಡಲಿಲ್ಲ. ಆಡಿದ ನಾಲ್ಕು ಮಾತುಗಳಲ್ಲಿ ಮೂರು ಅಳತೆಗೆ ಸಂಬಂಧಿಸಿದವು. ನಾಲ್ಕನೆಯದು ಇದು: "ಎರಡೂವರೆ ವರ್ಷದ ಹಿಂದೆ ಮನೆಯವರ ಜೊತೆ ಪ್ರವಾಸ ಬಂದಾಗ ಈ ಬಿರುಕನ್ನು ನೋಡಿದ್ದೆ. ಆಗ ಬೆರಳಷ್ಟೇ ಹೋಗುತ್ತಿತ್ತು. ಈಗ ಅಂಗೈ ಹೋಗುತ್ತದೆ."

ಅಳತೆಗಳನ್ನು ಯಾರೂ ಕಿವಿಗೆ ಹಾಕಿಕೊಂಡಂತೆ ಕಾಣಲಿಲ್ಲ. ಬೆರಳು, ಅಂಗೈ ಮಾತ್ರ ಎಲ್ಲರಿಗೂ ಅರ್ಥವಾಯಿತು. ಸಮಿತಿಯ ಅಧ್ಯಕ್ಷರು ಪೆನ್ನು ಕೆಳಗಿಟ್ಟು, "ಹಾಗಾದರೆ ಗೋಡೆ ಚಲಿಸುತ್ತಿದೆ" ಎಂದರು. ನಾನು ತಲೆಯಾಡಿಸಿದೆ. ಜೂನ್‌ನಲ್ಲಿ ಚಂಡಮಾರುತಗಳ ಕಾಲ ಶುರುವಾಗುವ ಮೊದಲೇ ಬಿರುಕು ಬಿಟ್ಟ ಆ ಮೂಲೆಯನ್ನು ಕೆಡವಿ ಇಳಿಸಬೇಕು ಎಂಬ ಸಲಹೆ ಹತ್ತೇ ನಿಮಿಷದಲ್ಲಿ ನಡಾವಳಿಗೆ ಸೇರಿತು. ಮುಂದಿನ ತಿಂಗಳ ಸಭೆಯಲ್ಲಿ ಅದನ್ನು ಮತಕ್ಕೆ ಹಾಕುವುದೆಂದಾಯಿತು.

ಇದು ೨೦೨೩ರ ಏಪ್ರಿಲ್ ತಿಂಗಳ ಮಾತು. ಊರು ದಕ್ಷಿಣ ಕೆರೊಲಿನಾದ ಬ್ಯೂಫರ್ಟ್. ಸಣ್ಣ ಊರು, ಸುತ್ತ ನೂರಾರು ಕಡಲ ತೊರೆಗಳು, ಸೇತುವೆ ದಾಟಿದರೆ ಒಂದರ ಹಿಂದೆ ಒಂದು ದ್ವೀಪ. ಅಂಥದೊಂದು ದ್ವೀಪದಲ್ಲಿ, ಉಪ್ಪುನೀರಿನ ಜೌಗಿನ ಅಂಚಿಗೆ, ಸೂರಿಲ್ಲದ ಒಂದು ಪ್ರಾರ್ಥನಾ ಮಂದಿರದ ನಾಲ್ಕು ಗೋಡೆಗಳಿವೆ. ನಾನು ಹಳೆಯ ಕಟ್ಟಡಗಳ ಗಟ್ಟಿತನ ನೋಡುವ ಎಂಜಿನಿಯರ್. ಮನೆ ಅಟ್ಲಾಂಟಾದ ಉತ್ತರಕ್ಕಿರುವ ಅಲ್ಫರೆಟಾದಲ್ಲಿ. ಮಂದಿರ ನೋಡಿಕೊಳ್ಳುವ ಸಮಿತಿಯಿಂದ ನಮ್ಮ ಸಂಸ್ಥೆಗೆ ಈ ಕೆಲಸ ಬಂದಾಗ ಆ ಜಾಗ ನನಗೆ ಗೊತ್ತು ಎಂದು ಕೈ ಎತ್ತಿದವನು ನಾನೇ.

ಗೋಡೆಯ ಬಗ್ಗೆ ಒಂದು ಮಾತು ಹೇಳಬೇಕು. ಅದು ಕಲ್ಲಿನದಲ್ಲ, ಇಟ್ಟಿಗೆಯದಲ್ಲ. ಈ ಕರಾವಳಿಯಲ್ಲಿ ಕಲ್ಲೇ ಇಲ್ಲ. ಕಡಲ ಸಿಂಪಿಗಳನ್ನು ಸುಟ್ಟು ಸುಣ್ಣ ಮಾಡಿ, ಆ ಸುಣ್ಣಕ್ಕೆ ಮರಳು, ಬೂದಿ, ನೀರು ಮತ್ತು ಸುಡದ ಇಡೀ ಚಿಪ್ಪುಗಳನ್ನು ಬೆರೆಸಿ, ಹಲಗೆಯ ಪೆಟ್ಟಿಗೆಗಳಲ್ಲಿ ಸುರಿದು ದಮ್ಮಸು ಮಾಡುತ್ತಿದ್ದರು. ಒಂದು ಸಾಲು ಗಟ್ಟಿಯಾದ ಮೇಲೆ ಹಲಗೆ ಮೇಲೆತ್ತಿ ಮತ್ತೊಂದು ಸಾಲು. ಇಲ್ಲಿಯವರು ಇದಕ್ಕೆ ಟ್ಯಾಬಿ ಎನ್ನುತ್ತಾರೆ. ನಮ್ಮ ಕರಾವಳಿಯಲ್ಲೂ ಚಿಪ್ಪು ಸುಟ್ಟೇ ಸುಣ್ಣ ಮಾಡುತ್ತಿದ್ದರು. ಆದರೆ ಚಿಪ್ಪನ್ನೇ ಗೋಡೆ ಮಾಡಿದ್ದು ನಾನು ನೋಡಿರಲಿಲ್ಲ. ಎರಡು ಶತಮಾನಗಳ ಹಿಂದೆ ಇದನ್ನು ಸುರಿದವರು ಗುಲಾಮರು. ಹೊರಗಿನ ಗಾರೆ ಉದುರಿದ ಕಡೆ ಲಕ್ಷಾಂತರ ಚಿಪ್ಪುಗಳು ಬೆನ್ನು ತೋರಿಸಿಕೊಂಡು ನಿಂತಿವೆ. ಬೆಳಗಿನ ಓರೆ ಬಿಸಿಲು ಬಿದ್ದಾಗ ಪ್ರತಿ ಚಿಪ್ಪಿಗೂ ಒಂದೊಂದು ನೆರಳು ಹುಟ್ಟಿ ಗೋಡೆಗೆ ರೋಮಾಂಚನವಾದಂತೆ ಕಾಣುತ್ತದೆ.

ಸಭೆ ಮುಗಿದ ಮೇಲೆ ಬಾಗಿಲ ಬಳಿ ಒಬ್ಬ ಹಿರಿಯ ಕಪ್ಪು ಮಹಿಳೆ ನನ್ನನ್ನು ತಡೆದರು. ಸಮಿತಿಯಲ್ಲಿ ಅವರೂ ಸದಸ್ಯೆ. ಮಂದಿರದ ಬೀಗದ ಕೈ ಅವರ ಬಳಿಯೇ ಇರುತ್ತದೆ. ಗೋಡೆ ಸುರಿದವರಲ್ಲಿ ಅವರ ಪೂರ್ವಿಕರಿದ್ದರು. ಪ್ರತಿ ವರ್ಷ ದ್ವೀಪದ ಮನೆತನಗಳು ಅಲ್ಲಿ ಸೇರುತ್ತವೆ, ಹಿರಿಯರ ಹೆಸರು ಓದುತ್ತವೆ. ಕೆಡವಬೇಕೆಂದ ಮೂಲೆಯ ಬುಡದಲ್ಲೇ ಆ ಓದು ನಡೆಯುವುದು.

"ಯಾವ ಬೆರಳು ಹಾಕಿದ್ದೆ, ಮಗಾ?" ಎಂದರು.

"ಮ್ಯಾಮ್?"

"ಬೆರಳು ಹಾಕಿದ್ದೆ ಅಂದ್ಯಲ್ಲ. ಯಾವ ಕೈಯಿಂದು? ಯಾವ ಬೆರಳು? ಎಲ್ಲಿ ನಿಂತಿದ್ದೆ?"

ಬಲಗೈ ತೋರುಬೆರಳು ಎಂದೆ. ಹೇಳುವಾಗಲೇ ಅದು ಸುಳ್ಳಿರಬಹುದು ಅನ್ನಿಸಿತು.

"ನಮ್ಮಜ್ಜಿ ಆ ಬಿರುಕಿನಲ್ಲಿ ಹೂವು ಸಿಗಿಸಿ ಇಡೋಳು," ಎಂದರು ಅವರು. "ನಂಗೆ ಆಗ ಆರು ವರ್ಷವೋ ಏಳೋ. ಹೂವಿನ ತೊಟ್ಟು ಎಷ್ಟು ದಪ್ಪ ಇತ್ತು ಅಂತ ನಾನು ಸಭೇಲಿ ಹೇಳಲಿಲ್ಲ. ಯಾಕಂದ್ರೆ ನಂಗೆ ಗೊತ್ತಿಲ್ಲ."

ಐದು ಗಂಟೆ ಡ್ರೈವ್ ಮಾಡಿ ಮನೆಗೆ ಬರುವಾಗ ಅದೊಂದೇ ಮಾತು ತಲೆಯಲ್ಲಿ. ಊಟಕ್ಕೆ ಕೂತಾಗ ಹೆಂಡತಿಯನ್ನು ಕೇಳಿದೆ: "ಆ ಬ್ಯೂಫರ್ಟ್ ಟ್ರಿಪ್ಪಲ್ಲಿ ನಾನು ಗೋಡೆಯೊಳಗೆ ಬೆರಳು ಹಾಕಿದ್ದು ನೆನಪಿದೆಯಾ?"

"ನೀವು ಯಾವ ಗೋಡೆ ನೋಡಿದ್ರೂ ಬೆರಳು ಹಾಕ್ತೀರಿ."

"ಲೈಟ್‌ಹೌಸ್ ಹತ್ತಿ ಇಳಿದು ಆಮೇಲೆ ಅಲ್ಲಿಗೆ ಹೋಗಿದ್ವಲ್ಲ?"

"ರೀ, ನೀವೆಲ್ಲಿ ಲೈಟ್‌ಹೌಸ್ ಹತ್ತಿದ್ರಿ? ಕೆಳಗೆ ಬೆಂಚ್ ಮೇಲೆ ಕೂತು ಪುಳಿಯೋಗರೆ ಮುಗಿಸಿದ್ರಿ. ಹತ್ತಿದ್ದು ನಾನು, ಮಗಳು."

ನಾನು ಒಪ್ಪಲಿಲ್ಲ. ಮೇಲಿನಿಂದ ಕಂಡ ಕಡಲು, ಕಂಬಿಯ ಮೇಲೆ ಕೂತ ಕಪ್ಪು ಹಕ್ಕಿ, ಎಲ್ಲ ಕಣ್ಣಿಗೆ ಕಟ್ಟಿದಂತಿತ್ತು. ಅವಳು ಫೋನಿನಲ್ಲಿ ಹುಡುಕಿ ಒಂದು ವಿಡಿಯೊ ತೋರಿಸಿದಳು. ಕಡಲು, ಕಂಬಿ, ಹಕ್ಕಿ. ಹಿನ್ನೆಲೆಯಲ್ಲಿ ಮಗಳ ದನಿ: "ಅಮ್ಮ, ಅಪ್ಪ ಈಸ್ ಸೋ ಟೈನಿ ಡೌನ್ ದೇರ್!" ಕೆಳಗೆ ಬೆಂಚಿನ ಮೇಲೆ ಒಂದು ನೀಲಿ ಚುಕ್ಕೆ. ಅದು ನಾನು.

ಆ ಪ್ರವಾಸ ಹೋದದ್ದು ೨೦೨೦ರ ಅಕ್ಟೋಬರಿನಲ್ಲಿ. ಕೋವಿಡ್ ಹೆದರಿಕೆಯಿಂದ ಬಯಲಲ್ಲಿ ಮಾತ್ರ ಸೇರುತ್ತಿದ್ದ ಮೂರು ಕನ್ನಡ ಸಂಸಾರಗಳು. ಒಂದೇ ದಿನಕ್ಕೆ ಐದು ಜಾಗ. ಎಲ್ಲರ ಫೋಟೊ ತೆಗೆದವರು ಜೊತೆಗಿದ್ದ ನಿವೃತ್ತ ಪೆಥಾಲಜಿ ವೈದ್ಯರು. ಎಪ್ಪತ್ತರ ದಶಕದಲ್ಲೇ ಅಟ್ಲಾಂಟಾಕ್ಕೆ ಬಂದು ನೆಲೆಸಿದವರು, ನಮ್ಮೆಲ್ಲರಿಗೂ ಅಂಕಲ್. ಅವರಿಗೆ ಫೋನ್ ಮಾಡಿದೆ.

"ಕಳಿಸ್ತೀನಿ, ಅದಕ್ಕೇನಂತೆ," ಎಂದರು. ಮೂವತ್ತೊಂದು ಫೋಟೊ ಬಂದವು. ಎಲ್ಲದರಲ್ಲೂ ನಾವು. ಮಾಸ್ಕ್ ಹಾಕಿದ ಹನ್ನೊಂದು ಜನ ಭುಜಕ್ಕೆ ಭುಜ ಕೊಟ್ಟು ಸಾಲಾಗಿ ನಿಂತಿದ್ದೇವೆ, ಹಿಂದೆ ಒಂದು ಗೇಣು ಗೋಡೆ ಇಣುಕುತ್ತಿದೆ. ಬಿರುಕಿನ ಜಾಗದಲ್ಲಿ ಸರಿಯಾಗಿ ಒಬ್ಬ ಗೆಳೆಯನ ಹ್ಯಾಟು.

"ಅಂಕಲ್, ಬರೀ ಗೋಡೆಯದು ಒಂದೂ ಇಲ್ವಾ?"

"ಬರೀ ಗೋಡೆ ಯಾಕಯ್ಯಾ ತೆಗೀಲಿ? ಗೋಡೆ ಅಲ್ಲೇ ಇರುತ್ತೆ. ನೀವುಗಳು ಎಲ್ಲಿ ಇರ್ತೀರ?"

ಆ ವಾರ ಮತ್ತೆ ಬ್ಯೂಫರ್ಟ್‌ಗೆ ಹೋದೆ. ಲೇಸರ್ ಸ್ಕ್ಯಾನ್ ಮಾಡುವ ನಮ್ಮ ಸಹೋದ್ಯೋಗಿ ಫೋರ್ಟ್ ಮಿಲ್ ಎಂಬ ಊರಿನಿಂದ ನೇರವಾಗಿ ಬಂದಿದ್ದಳು. ಮೈಸೂರಿನ ಹುಡುಗಿ, ಅಳತೆಯ ವಿಷಯದಲ್ಲಿ ಯಾರನ್ನೂ ಬಿಡುವವಳಲ್ಲ. ಅವಳು ಗೋಡೆ ಸ್ಕ್ಯಾನ್ ಮಾಡುತ್ತಿರುವಾಗ ನಾನು ಹಳೆಯ ಪ್ರವಾಸದ ದಾರಿಯಲ್ಲಿ, ಅದೇ ಕ್ರಮದಲ್ಲಿ, ಒಂದು ನೋಟ್‌ಬುಕ್ ಹಿಡಿದು ಹೊರಟೆ. ಪ್ರತಿ ಜಾಗ ಬರುವ ಮೊದಲೇ ನೆನಪಿದ್ದುದನ್ನು ಎಡಪುಟದಲ್ಲಿ ಬರೆಯುವುದು, ಕಂಡದ್ದನ್ನು ಬಲಪುಟದಲ್ಲಿ.

ಹಂಟಿಂಗ್ ದ್ವೀಪದ ದೀಪಸ್ತಂಭ. ಎಡಪುಟ: ಪೂರ್ತಿ ಬಿಳಿ. ಬಲಪುಟ: ಕೆಳಗೆ ಬಿಳಿ, ಮೇಲೆ ಕಪ್ಪು.

ಅಲ್ಲಿಂದ ನಡೆದರೆ ಕಡಲಂಚು. ಇಲ್ಲಿ ಕಡಲು ಕಾಡನ್ನು ತಿನ್ನುತ್ತಿದೆ. ಓಕ್, ಪೈನ್, ತಾಳೆ ಮರಗಳು ಬೇರು ಸಮೇತ ಮರಳಿಗೆ ಉರುಳಿ, ತೊಗಟೆ ಕಳಚಿ, ಬೆಳ್ಳಿಯ ಬಣ್ಣಕ್ಕೆ ತಿರುಗಿ ಮಲಗಿವೆ. ಕೆಲವು ಇನ್ನೂ ನಿಂತೇ ಸತ್ತಿವೆ. ಅಲೆ ಅವುಗಳ ಬೇರಿನ ನಡುವೆ ನುಗ್ಗಿ ಹಿಂದಿರುಗುತ್ತದೆ. ಎಡಪುಟದಲ್ಲಿ 'ನೀರಿನೊಳಗೆ ಮೂರು ಮರ ನಿಂತಿವೆ' ಎಂದು ಬರೆದಿದ್ದೆ. ಈಗ ನಿಂತದ್ದು ಒಂದೇ. ಎರಡು ಬಿದ್ದವೋ, ಅಂದೂ ಒಂದೇ ಇತ್ತೋ ಹೇಗೆ ಹೇಳಲಿ? ನೆನಪನ್ನು ತಾಳೆ ನೋಡಲು ಬಂದರೆ, ತಾಳೆ ನೋಡಬೇಕಾದ ಜಾಗವೇ ನಿಂತಲ್ಲಿ ನಿಂತಿರಲಿಲ್ಲ. ನೋಟ್‌ಬುಕ್ ಮುಚ್ಚಿ ಎಷ್ಟೋ ಹೊತ್ತು ಒಂದು ದಿಮ್ಮಿಯ ಮೇಲೆ ಕೂತೆ. ಪೆಲಿಕನ್ ಹಕ್ಕಿಗಳು ಸಾಲಾಗಿ, ರೆಕ್ಕೆ ಬಡಿಯದೆ, ಅಲೆಯ ನೆತ್ತಿಗೆ ಒಂದು ಮೊಳ ಮೇಲೆ ತೇಲಿಹೋದವು.

ಮಧ್ಯಾಹ್ನ ಊರೊಳಗೆ ಬಂದೆ. ಹಳೆಯ ಮನೆಗಳಿಗಿಂತ ದೊಡ್ಡ ಓಕ್ ಮರಗಳು, ಕೊಂಬೆಯಿಂದ ಜಡೆಜಡೆಯಾಗಿ ಇಳಿಬಿದ್ದ ಬೂದು ಪಾಚಿ. ಅವನ್ನು ಸರಿಯಾಗಿಯೇ ನೆನಪಿಟ್ಟಿದ್ದೆ, ಯಾರು ತಾನೇ ಮರೆಯುತ್ತಾರೆ. ಆಮೇಲೆ ನದಿಯ ದಡದ ಕೋಟೆಯ ಅವಶೇಷ. ಅದೂ ಟ್ಯಾಬಿಯೇ, ಅರ್ಧ ನೀರಿಗಿಳಿದಿದೆ. ಅಲ್ಲಿ ಸೊಂಟದೆತ್ತರದಲ್ಲಿ ಒಂದು ಬಿರುಕು ಕಂಡಿತು. ಯೋಚಿಸದೆ ಕೈ ಚಾಚಿದೆ. ಬಲಗೈ ತೋರುಬೆರಳು ಎರಡನೆಯ ಗೆಣ್ಣಿನವರೆಗೆ ಹೋಗಿ ನಿಂತಿತು. ಒಳಗೆ ಮುರಿದ ಚಿಪ್ಪೊಂದರ ಮೇಲೆ ಶಾಯಿಯಂಥ ನೇರಳೆ ಮಚ್ಚೆ.

ಇದೇ! ಆ ಮಚ್ಚೆಯೂ ನೆನಪಾಯಿತು. ಅಂದು ನಾನು ಬೆರಳಿಟ್ಟದ್ದು ಇಲ್ಲಿ, ಮಂದಿರದಲ್ಲಲ್ಲ. ಫೋನ್ ತೆಗೆದು ಸಮಿತಿಯ ಅಧ್ಯಕ್ಷರಿಗೆ ಬರೆಯಲು ಶುರುಮಾಡಿದೆ. ಅರ್ಧಕ್ಕೆ ನಿಲ್ಲಿಸಿದೆ. ಸಿಂಪಿಯ ಪ್ರತಿ ಚಿಪ್ಪಿನಲ್ಲೂ ಆ ನೇರಳೆ ಮಚ್ಚೆ ಇರುತ್ತದೆ. ಬೆರಳು ಹೋಗುವ ಬಿರುಕು ಟ್ಯಾಬಿಯಲ್ಲಿ ಎಲ್ಲಿ ಬೇಕಾದರೂ ಸಿಗುತ್ತದೆ. ಈಗ ನನಗೆ ಬಂದ ಖಾತ್ರಿಗೂ ಸಭೆಯಲ್ಲಿ ಇದ್ದ ಖಾತ್ರಿಗೂ ರುಚಿಯಲ್ಲಿ ಯಾವ ವ್ಯತ್ಯಾಸವೂ ಇರಲಿಲ್ಲ. ಮೊದಲನೆಯದನ್ನು ನಂಬದವನು ಎರಡನೆಯದನ್ನು ಯಾಕೆ ನಂಬಬೇಕು?

ಹಿಂದಿರುಗಿ ಸಹೋದ್ಯೋಗಿಗೆ ಹೇಳಿದೆ.

"ಸೋ, ನಿಮಗೆ ಗೊತ್ತಿಲ್ಲ," ಎಂದಳು.

"ಗೊತ್ತಿಲ್ಲ."

"ಹಾಗಂತ ಹೇಳ್ಬಿಡಿ, ಅಷ್ಟೇ. ನನ್ನ ಸ್ಕ್ಯಾನ್ ಇವತ್ತಿನ ಶೇಪ್ ಹೇಳತ್ತೆ. ಮೂವ್ ಆಗ್ತಿದ್ಯಾ ಇಲ್ವಾ ಅಂತ ಅದಕ್ಕೂ ಗೊತ್ತಿಲ್ಲ."

ಚಲನೆ ಹಿಡಿಯಲು ನನಗೆ ಮೊದಲು ಹೊಳೆದದ್ದು ಬೆಂಗಳೂರಿನ ಕಾಲೇಜಿನಲ್ಲಿ ಕಲಿತ ಉಪಾಯ. ಬಿರುಕಿನ ಎರಡು ದಡಕ್ಕೂ ತೆಳು ಗಾಜಿನ ಪಟ್ಟಿ ಅಂಟಿಸುವುದು. ಗೋಡೆ ಚಲಿಸಿದರೆ ಗಾಜು ಮುರಿಯುತ್ತದೆ. ನಮ್ಮಲ್ಲಿ ಎಷ್ಟೋ ಸರ್ಕಾರಿ ಕಟ್ಟಡಗಳ ಗೋಡೆಗೆ ಇಂಥ ಗಾಜು ಇಂದಿಗೂ ಅಂಟಿಕೊಂಡಿರುತ್ತದೆ. ಈ ಸಲ ಅಟ್ಲಾಂಟಾದಿಂದ ಹೊರಡುವ ಮೊದಲೇ ಗಾಜು ಕೊಟ್ಟಿದ್ದವರು ಅಂಕಲ್ ಅವರೇ. "ಮೈಕ್ರೋಸ್ಕೋಪ್ ಸ್ಲೈಡು ಎರಡು ಡಬ್ಬ ಹಾಗೇ ಇದೆ, ತಗೊಂಡ್ಹೋಗು. ಗೋಡೆಗೂ ಬಯಾಪ್ಸಿ ಮಾಡು," ಎಂದು ನಕ್ಕಿದ್ದರು.

ಬಿರುಕಿನುದ್ದಕ್ಕೂ ನಾಲ್ಕು ಸ್ಲೈಡ್ ಅಂಟಿಸಿದೆವು. ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ನಾಲ್ಕೂ ಮುರಿದಿದ್ದವು.

ಬೀಗದ ಕೈ ಹಿಡಿದು ಬಂದಿದ್ದ ಆ ಹಿರಿಯ ಮಹಿಳೆ ಗಾಜನ್ನು ನೋಡಿದರು, ನನ್ನ ಮುಖ ನೋಡಿದರು. ಸುದ್ದಿ ಮಧ್ಯಾಹ್ನದೊಳಗೆ ಅಧ್ಯಕ್ಷರಿಗೆ ಮುಟ್ಟಿತು. ಅವರು ಫೋನಿನಲ್ಲಿ, "ನೀವು ಹೇಳಿದ್ದೇ ಸರಿಯಾಯಿತಲ್ಲ" ಎಂದರು. ದನಿಯಲ್ಲಿ ಮೆಚ್ಚುಗೆಯಿತ್ತು. ಸುಮ್ಮನಿದ್ದರೆ ಸಾಕಿತ್ತು: ನನ್ನ ಮಾತು ಉಳಿಯುತ್ತಿತ್ತು, ಮೂಲೆ ನೆಲಕ್ಕಿಳಿಯುತ್ತಿತ್ತು.

ಆದರೆ ನಾಲ್ಕೂ ಒಂದೇ ದಿನದಲ್ಲಿ ಮುರಿದದ್ದು ನನಗೆ ಸರಿಕಾಣಲಿಲ್ಲ. ಹಾಗೆ ದಿನಕ್ಕಷ್ಟು ಬಾಯಿಬಿಡುವ ಗೋಡೆ ಯಾವತ್ತೋ ಬಿದ್ದಿರಬೇಕಿತ್ತು. ಗಾಜು ಹೇಳುವುದು ಒಂದೇ: ಅಲುಗಿತು ಎಂದು. ತೆರೆದು ಮತ್ತೆ ಮುಚ್ಚಿಕೊಂಡರೂ ಅದು ಮುರಿದೇ ಇರುತ್ತದೆ. ಮುಚ್ಚಿದ್ದನ್ನು ಹೇಳುವ ಶಕ್ತಿ ಅದಕ್ಕಿಲ್ಲ. ಕಾಲೇಜಿನ ಉಪಾಯ ಒಣನೆಲದ ಕಟ್ಟಡಕ್ಕೆ ಸರಿ. ದಿನಕ್ಕೆರಡು ಬಾರಿ ಏಳೆಂಟು ಅಡಿ ನೀರು ಏರಿ ಇಳಿಯುವ ಜೌಗಿನ ಅಂಚಿನಲ್ಲಿ ಅದನ್ನು ಅಂಟಿಸಿದ್ದು ನನ್ನ ತಪ್ಪು.

ಗಾಜು ಕಿತ್ತು, ಬಿರುಕಿನ ಎರಡೂ ಬದಿಗೆ ಸ್ಟೀಲ್ ಮೊಳೆ ಕೂರಿಸಿ, ನಡುವಿನ ದೂರವನ್ನು ಮಿಲಿಮೀಟರಿನ ನೂರನೇ ಭಾಗದವರೆಗೆ ತೋರಿಸುವ, ಗಡಿಯಾರದಂಥ ಮುಳ್ಳಿನ ಡಯಲ್ ಗೇಜ್ ಇಟ್ಟೆವು. ಅರ್ಧ ಗಂಟೆಗೊಮ್ಮೆ ಓದುವುದು. ಮೊದಲ ದಿನ ಬಿಸಿಲಿತ್ತು. ಮುಳ್ಳು ಸರಿದರೂ ಬಿಸಿಲಿಗೋ ನೀರಿಗೋ ತಿಳಿಯಲಿಲ್ಲ. ಎರಡನೆಯ ದಿನ ಬೆಳಗಿನಿಂದ ಸಂಜೆಯವರೆಗೂ ಮೋಡ. ಬಿಸಿಲಿನ ಮಾತೇ ಇಲ್ಲ. ಆದರೂ ನೀರು ತೊರೆಯಲ್ಲಿ ಏರಿದಂತೆ, ಸುಮಾರು ನಲವತ್ತು ನಿಮಿಷ ಹಿಂದೆ ಬಿದ್ದು, ಮುಳ್ಳು ಏರಿತು. ನೀರು ಇಳಿದಂತೆ ಇಳಿಯಿತು.

"ನೋಡಿ," ಎಂದಳು ಸಹೋದ್ಯೋಗಿ ಮೆಲ್ಲನೆ, "ಇದು ಉಸಿರಾಡ್ತಿದೆ."

"ಎರಡೇ ದಿನದ ಡೇಟಾ," ಎಂದೆ.

"ಅಯ್ಯೋ, ಒಂದ್ಸಲ ಆದ್ರೂ ಖುಷಿ ಪಡಿ ಮಾರಾಯ್ರೇ!"

ಮೇ ತಿಂಗಳ ಸಭೆಯಲ್ಲಿ ನಾನು ಮೊದಲು ಮಾಡಿದ ಕೆಲಸ ನನ್ನ ಆ ವಾಕ್ಯವನ್ನು ನಡಾವಳಿಯಿಂದ ತೆಗೆಯಿರಿ ಎಂದು ಕೇಳಿದ್ದು. ಅದು ಅಳತೆಯಲ್ಲ, ನೆನಪು. ಆ ನೆನಪು ಬೇರೆ ಗೋಡೆಯದೂ ಇರಬಹುದು, ನನಗೆ ತಿಳಿಯದು ಎಂದೆ. ಎದುರಿನ ಸಾಲಿನಲ್ಲಿ ಒಬ್ಬರು ನಕ್ಕರು. ಮೂಲೆಗೆ ಮರದ ಆಸರೆ ಕೊಟ್ಟು, ಸುತ್ತ ಹಗ್ಗ ಕಟ್ಟಿ, ವರ್ಷದ ಅತಿ ದೊಡ್ಡ ಉಬ್ಬರಗಳು ಬರುವ ಅಕ್ಟೋಬರ್ ಕಳೆಯುವವರೆಗೆ ಅಳೆಯಲು ಬಿಡಿ ಎಂದು ಕೇಳಿದೆ.

"ಅಷ್ಟರಲ್ಲಿ ಬಿದ್ದರೆ?" ಎಂದರು ಅಧ್ಯಕ್ಷರು.

"ಆಸರೆಯ ಲೆಕ್ಕ ನನ್ನದು. ಕೆಳಗಿನ ಸಹಿಯೂ ನನ್ನದೇ."

"ಹೋದ ತಿಂಗಳೂ ಇಷ್ಟೇ ಖಾತ್ರಿಯಿಂದ ಮಾತಾಡಿದ್ದಿರಿ."

ನಾನು ಆಸರೆಯ ಲೆಕ್ಕದ ಹಾಳೆಯನ್ನು ಅವರ ಮುಂದೆ ಸರಿಸಿದೆ. ಹಿರಿಯರು ಕುರ್ಚಿಯಿಂದ ಏಳದೆಯೇ, "ನಾನು ಅಲ್ಲೇ ಹತ್ತಿರ ಇರೋದು. ವಾರಕ್ಕೆ ಎರಡು ಸಲ ಆ ಗಡಿಯಾರ ನಾನು ಓದ್ತೀನಿ," ಎಂದರು. ಮತ ಒಂದೇ ಒಂದು ಹೆಚ್ಚಿಗೆ ಬಂದು ಅಕ್ಟೋಬರ್‌ವರೆಗೆ ಸಮಯ ಸಿಕ್ಕಿತು.

ಗೇಜ್ ಓದುವುದನ್ನು ಕಲಿಸಲು ಹೋದಾಗ ನಾನು, "ಓದಿದ ತಕ್ಷಣ ಬರೀಬೇಕು ಮ್ಯಾಮ್. ಮನೆಗೆ ಹೋಗಿ ನೆನಪಿಂದ ಅಲ್ಲ," ಎಂದೆ.

"ಅದನ್ನ ನೀನು ನಂಗೆ ಹೇಳ್ತಿದ್ದೀಯಾ!" ಎಂದು ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಬೇಸಿಗೆಯುದ್ದಕ್ಕೂ ಅವರ ಅಂಕಿಗಳು ಬಂದವು. ಪಕ್ಕದಲ್ಲಿ ಗಾಳಿ ಯಾವ ಕಡೆಯದು, ನೀರು ಯಾವ ಹುಲ್ಲಿನವರೆಗೆ ಬಂದಿತ್ತು ಎಂಬ ಟಿಪ್ಪಣಿ. ನನ್ನ ಸಂಶಯದ ಬುದ್ಧಿ, ತಿಂಗಳಿಗೊಮ್ಮೆ ಹೋಗಿ ಹೋಲಿಸುತ್ತಿದ್ದೆ. ನಾನು ಅವಸರದಲ್ಲಿ ಎರಡು ಬಾರಿ ತಪ್ಪು ಓದಿದ್ದೆ. ಅವರು ಒಮ್ಮೆಯೂ ಇಲ್ಲ. ಆಗಸ್ಟ್ ಕೊನೆಯಲ್ಲಿ ಒಂದು ಬಿರುಗಾಳಿ ಹಾದುಹೋಯಿತು. ಅಂದು ನಾನು ಅಲ್ಫರೆಟಾದಲ್ಲಿ ಫೋನ್ ಹಿಡಿದು ಮನೆಯೊಳಗೆ ಶತಪಥ ಹಾಕಿದೆ. ಮರುದಿನ ಬಂದದ್ದು ಒಂದು ಅಂಕಿ, ಅದರ ಪಕ್ಕ ಒಂದು ಪದ: 'ನಿಂತಿದೆ.'

ಅಕ್ಟೋಬರ್ ಕೊನೆಯ ಆ ಬೆಳಗನ್ನು ನೆನಪಿನಿಂದ ಬರೆಯುತ್ತಿಲ್ಲ. ಅಲ್ಲೇ ನಿಂತು ಬರೆದುಕೊಂಡ ಪುಟಗಳು ಎದುರಿಗಿವೆ. ಏಳು ಗಂಟೆ, ಗಾಳಿಯಿಲ್ಲ. ಜೌಗಿನ ಹುಲ್ಲು ಹೊನ್ನಿನ ಬಣ್ಣಕ್ಕೆ ತಿರುಗಿದೆ. ನೀರು ಬರುವುದು ಕಾಣಿಸುವುದಿಲ್ಲ, ಅಲೆಯಿಲ್ಲ, ಸದ್ದಿಲ್ಲ. ಹುಲ್ಲು ಮಾತ್ರ ಗಿಡ್ಡವಾಗುತ್ತ ಹೋಗುತ್ತದೆ. ಏಳೂವರೆಗೆ ಏಡಿಗಳ ಬಿಲಗಳಿಂದ ಗುಳುಗುಳು ಗಾಳಿ ಹೊರಬಿತ್ತು. ಹುಲ್ಲಿನ ಪ್ರತಿ ಕಡ್ಡಿಯ ಮೇಲೂ ಕಡಲೆ ಕಾಳಿನಷ್ಟು ಬಸವನಹುಳುಗಳು ನೀರಿಗಿಂತ ಒಂದು ಬೆರಳು ಮೇಲೆ, ನೀರು ಏರಿದಂತೆ ತಾವೂ ಏರುತ್ತಿದ್ದವು. ಕಣ್ಣು ಹಾಯುವಷ್ಟು ದೂರ, ಲೆಕ್ಕವಿಲ್ಲದಷ್ಟು. ಎಂಟು ಗಂಟೆಗೆ ಹುಲ್ಲಿನ ತುದಿಗಳಷ್ಟೇ ಉಳಿದವು. ಎಂಟು ಇಪ್ಪತ್ತಕ್ಕೆ ನೀರು ಮಂದಿರದ ಅಂಗಳಕ್ಕೆ ಕಾಲಿಟ್ಟು, ಓಕ್ ಮರದ ಬೇರುಗಳನ್ನು ಬಳಸಿ, ಗೋಡೆಯ ಬುಡ ಮುಟ್ಟಿತು. ಚಿಪ್ಪುಗಳು ಒದ್ದೆಯಾಗಿ ಕಪ್ಪಾದವು. ಸಿಂಪಿಗಳು ಹುಟ್ಟಿದ ನೀರು ಅದೇ. ಗೋಡೆ, ಪಾಚಿ, ಆಕಾಶ ಎಲ್ಲವೂ ತಲೆಕೆಳಗಾಗಿ ಅದರಲ್ಲಿ ನಿಂತವು.

ಸಹೋದ್ಯೋಗಿ ಬೂಟಿನಲ್ಲಿ ನೀರು ತುಂಬಿಸಿಕೊಂಡು ಗೇಜ್ ಓದುತ್ತಿದ್ದಳು. ಹಿರಿಯರು ಬರೆಯುತ್ತಿದ್ದರು. ಮುಳ್ಳು ಬೇಸಿಗೆಯಲ್ಲಿ ಎಂದೂ ಏರದಷ್ಟು ಏರಿತು, ಇನ್ನೂ ಏರಿತು. ಒಂಬತ್ತರ ಸುಮಾರಿಗೆ ನಿಂತಿತು. ನಾನು ಆಸರೆಯ ಮರಗಳನ್ನೇ ನೋಡುತ್ತಿದ್ದೆ. ಅವುಗಳ ಮೇಲೆ ಭಾರ ಬಿದ್ದರೆ ಬೆಣೆಗಳು ಕಿರುಗುಟ್ಟಬೇಕು. ಕಿರುಗುಟ್ಟಲಿಲ್ಲ. ಆಮೇಲೆ ಮುಳ್ಳು ಹಿಂದಕ್ಕೆ ಹೊರಟಿತು. ಮಧ್ಯಾಹ್ನ ಎರಡೂವರೆಗೆ, ತೊರೆಯ ತಳದ ಕೆಸರು ಮತ್ತೆ ಕಂಡಾಗ, ಮೇ ತಿಂಗಳಲ್ಲಿ ನೀರಿಳಿದಾಗ ತೋರಿಸಿದ್ದ ಅಂಕಿಗೇ ಬಂದು ನಿಂತಿತು.

ದಿನಕ್ಕೆರಡು ಬಾರಿ, ಇನ್ನೂರಕ್ಕೂ ಹೆಚ್ಚು ವರ್ಷ, ನೀರಿನೊಡನೆ ವಾಲಿ ನೀರಿನೊಡನೆ ಹಿಂದಿರುಗುವ ಗೋಡೆ. ಅದನ್ನು ಸುರಿದವರಿಗೆ ಇದು ಗೊತ್ತಿತ್ತೋ ಇಲ್ಲವೋ ಹೇಳಲಾರೆ. ಯಾರೂ ಅವರನ್ನು ಕೇಳಿ ಬರೆದಿಡಲಿಲ್ಲ.

ಸಮಿತಿ ಕೆಡವುವ ಮಾತನ್ನು ಕೈಬಿಟ್ಟಿತು. ಚಳಿಗಾಲದಲ್ಲಿ ಬುಡದ ಕೊರೆತವನ್ನು ಸಿಮೆಂಟು ಮುಟ್ಟಿಸದೆ, ಚಿಪ್ಪಿನ ಸುಣ್ಣದಿಂದಲೇ ತುಂಬಿಸಿದೆವು. ನನ್ನ ವರದಿಯ ನಮೂನೆಯಲ್ಲಿ 'ಹಿಂದಿನ ಸ್ಥಿತಿ' ಎಂಬ ಕಲಮಿದೆ. ಅಲ್ಲಿ 'ತಿಳಿದಿಲ್ಲ' ಎಂದು ಬರೆದೆ.

೨೦೨೪ರ ಮಾರ್ಚ್‌ನಲ್ಲಿ ಆಸರೆ ತೆಗೆದೆವು. ಬಡಗಿ ಬೆಣೆಗಳನ್ನು ಒಂದೊಂದಾಗಿ ಸುತ್ತಿಗೆಯಿಂದ ತಟ್ಟಿ ಸಡಿಲಿಸಿದ. ಕೊನೆಯ ಮರ ಕೆಳಗಿಳಿದಾಗ ನಾವೆಲ್ಲ ಹಗ್ಗದಾಚೆ ನಿಂತಿದ್ದೆವು. ಒಂದು ಗಂಟೆ ಕಾಯಬೇಕೆಂದು ನಾನೇ ನಿಯಮ ಬರೆದಿದ್ದೆ. ಹದಿನೈದು ನಿಮಿಷವೂ ಆಗಿರಲಿಲ್ಲ. ಹಿರಿಯರು ಹಗ್ಗ ಎತ್ತಿ ಒಳಗೆ ನಡೆದು, ಮೂಲೆಯ ಬುಡದಲ್ಲಿ ಕೂತು, ಬೆನ್ನನ್ನು ಗೋಡೆಗೆ ಕೊಟ್ಟು ಊಟದ ಡಬ್ಬ ಬಿಚ್ಚಿದರು.

"ಮ್ಯಾಮ್, ಇನ್ನೂ ನಲವತ್ತೈದು ನಿಮಿಷ..." ಎಂದೆ.

"ಕೂತ್ಕೊಂಡು ಕಾಯ್ತೀನಿ, ಮಗಾ," ಎಂದರು.